ನಿದ್ದೆಗೆ ಕಾವಲು ನಿಂತ ಶೇಖರಮ್ಮನವರು

ಪಾರ್ಶ್ವವಾಯು ಬಡಿದವರಿಗೆ ಊಟ, ಸ್ನಾನ, ತಲೆ ಬಾಚಿಕೊಳ್ಳುವುದು ಮುಂತಾದ ನಿತ್ಯದ ಕೆಲಸಗಳನ್ನು ಮತ್ತೆ ಕೈಗೂಡಿಸುವ ಆಕ್ಯುಪೇಷನಲ್ ಥೆರಪಿಯ ಹೆಸರೇ ನಮ್ಮ ಸೀಮೆಯವರ ನಾಲಿಗೆಗೆ ಹೊರಳದಿದ್ದ ಕಾಲದಲ್ಲಿ, ಆ ವಿದ್ಯೆಯನ್ನು ಲಿಂಗಸುಗೂರಿಗೆ ತಂದವರು ಶ್ರೀಮತಿ ಶೇಖರಮ್ಮನವರು. ಅದರಲ್ಲಿ ನಿದ್ದೆಗೂ ಮಣೆ ಹಾಕಬೇಕೆಂದು ಹಟ ಹಿಡಿದವರೂ, ಆ ಹಟಕ್ಕಾಗಿ ಊರವರಿಂದೆಲ್ಲ ಬೈಸಿಕೊಂಡವರೂ ಅವರೇ.

೧೯೮೩ರಲ್ಲಿ ಅವರು ಸೇರಿದ ಆ ಊರಿನ ಧರ್ಮಾಸ್ಪತ್ರೆಯಲ್ಲಿ, ರೋಗಿಗಳ ಮಧ್ಯಾಹ್ನದ ವಿಶ್ರಾಂತಿಗೆಂದು ಪರದೆ ಇಳಿಬಿಟ್ಟಾಗ, ಮಲಗಿಸುವುದಕ್ಕೂ ಪದವಿ ಬೇಕೇ ಎಂದು ಹಿರಿಯ ವೈದ್ಯರೊಬ್ಬರು ನಕ್ಕರಂತೆ. ಶೇಖರಮ್ಮನವರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೂ ಅಂದು ಎದುರಾಡಲಿಲ್ಲ, ಪರದೆಯನ್ನೂ ಎತ್ತಲಿಲ್ಲ. ನಿದ್ದೆಗೆಟ್ಟ ಮೈ ಬೆಳಿಗ್ಗೆ ಕಲಿತದ್ದನ್ನು ಸಂಜೆಗೆ ಮರೆಯುವುದನ್ನು ಅವರು ಕಣ್ಣಾರೆ ಕಂಡಿದ್ದರು. ಸೋತ ತೋಳಿನ ಕೆಳಗೆ ಕೌದಿಯನ್ನು ಮಡಿಚಿಟ್ಟು ಮಲಗಿಸುವ ಬಗೆಯನ್ನು ಮನೆಮನೆಗೆ ಹೋಗಿ ಕಲಿಸಿದರು.

ಆದರೆ ನಮ್ಮ ಕಡೆ, ಕಾಯಿಲೆ ಬಿದ್ದವರನ್ನು ನೋಡಲು ಬಂದವರು ಅವರನ್ನು ಎಬ್ಬಿಸಿ, ಕೂರಿಸಿ, ಮಾತಾಡಿಸಿಯೇ ಹೋಗಬೇಕು. ಇಲ್ಲದಿದ್ದರೆ ಮನೆಯವರು ಮರ್ಯಾದೆ ಕೊಡಲಿಲ್ಲವೆಂದೇ ಲೆಕ್ಕ. ಶೇಖರಮ್ಮನವರಿಗೆ ಈ ಮರ್ಯಾದೆಯನ್ನು ಕಂಡರಾಗುತ್ತಿರಲಿಲ್ಲ.

೧೯೮೮ರಲ್ಲಿ ಅವರು ಸಿಂಧನೂರಿನಲ್ಲಿ, ಭತ್ತದ ವ್ಯಾಪಾರಿ ಹಂಪಣ್ಣನವರು ಬಿಟ್ಟುಕೊಟ್ಟ ಕೋಣೆಯಲ್ಲಿ ಸ್ವಂತ ಕೇಂದ್ರ ನಡೆಸುತ್ತಿದ್ದರು. ಹಂಪಣ್ಣನವರ ಗದ್ದೆಯಲ್ಲೇ ನಾಟಿ ಮಾಡುತ್ತಿದ್ದ ಸಾಲಗುಂದದ ಗಿರಿಯಮ್ಮನವರು ಬಲಗೈ ಸ್ವಾಧೀನ ತಪ್ಪಿ ಅಲ್ಲಿಗೆ ಬಂದರು. ಮಾತಾಡಿಸಲು ಬರುವವರ ದಂಡಿನಿಂದ ಅವರು ಕಣ್ಣು ಮುಚ್ಚಿ ಎಷ್ಟೋ ದಿನಗಳಾಗಿದ್ದವು. ಆ ಕೈಗೆ ಒಂದು ತುತ್ತನ್ನೂ ಎತ್ತಲಾಗುತ್ತಿರಲಿಲ್ಲ. ಅಂತೂ ಒಂದು ಮಧ್ಯಾಹ್ನ ಅವರಿಗೆ ನಿದ್ದೆ ಹತ್ತಿತು. ಅದೇ ಹೊತ್ತಿಗೆ ಹಂಪಣ್ಣನವರು ಬಂಧುಗಳೊಡನೆ ನೋಡಲು ಬಂದರು. ಶೇಖರಮ್ಮನವರು ಬಾಗಿಲಿಗೆ ಅಡ್ಡ ನಿಂತರು.

“ಈಗ ನಿದ್ದಿ ಹತ್ತೇತ್ರಿ ಆಕಿಗೆ. ಸಂಜಿಗೆ ಬರ್ರಿ.”

ಗಿರಿಯಮ್ಮನವರ ಗಂಡ ಗ್ಯಾನಪ್ಪನವರಿಗೆ ಗಾಬರಿ. “ಅಕ್ಕಾರ, ಧಣ್ಯಾರು ಬಂದಾರ್ರಿ! ಎಬ್ಬಿಸದಿದ್ರ ಮಂದಿ ಏನಂತಾರ?”

“ನನ್ನ ಕೋಣ್ಯಾಗ ನನಗ ಬರಬ್ಯಾಡ ಅಂತೀ ಏನವಾ?” ಎಂದು ಹಂಪಣ್ಣನವರು ಗದರಿದರು.

“ಕೋಣಿ ನಿಮ್ಮದರಿ. ನಿದ್ದಿ ಆಕೀದು,” ಎಂದರು ಶೇಖರಮ್ಮ.

ಕೋಣೆ ಹೋಯಿತು. ತಪ್ಪಾಯಿತೆಂದು ಒಂದು ಮಾತು ಹೇಳಿದರೆ ಉಳಿಯುತ್ತದೆಂದು ಹಿತೈಷಿಗಳು ಗೋಗರೆದರು. ತಪ್ಪೇ ಮಾಡಿಲ್ಲವೆಂದು ಅವರು ಗಂಟುಮೂಟೆ ಕಟ್ಟಿದರು. ಮಸ್ಕಿಯಲ್ಲಿ ಗಾದಿ ಹೊಲಿಯುವ ಹುಸೇನ್‌ಸಾಬ್ ತಮ್ಮ ಅಂಗಡಿಯ ಹಿಂದಿನ ಕೋಣೆ ಕೊಟ್ಟರು. ಗಿರಿಯಮ್ಮನವರೂ ಗಂಡನೊಡನೆ ಅಲ್ಲಿಗೇ ಬಂದು, ಕಣ್ತುಂಬ ನಿದ್ದೆ ಮಾಡಿ, ದಿನವೂ ಕೈ ಪಳಗಿಸಿದರು. ನಾಟಿ ಮಾಡುವಷ್ಟು ಚುರುಕು ಆ ಕೈಗೆ ಮರಳಲಿಲ್ಲ ನಿಜ. ಆದರೆ ಸುಗ್ಗಿಯ ಹೊತ್ತಿಗೆ ತಾವೇ ರೊಟ್ಟಿ ಬಡಿದು ಶೇಖರಮ್ಮನವರಿಗೆ ಬಡಿಸಿದರು. ಮುಂದೆ ಆ ಕೇಂದ್ರದಲ್ಲೇ ಕೆಲಸಕ್ಕೆ ನಿಂತು ಅವರ ಮನೆಯವರಂತೆಯೇ ಆದರು.

ಈ ವರ್ಷ, ೧೯೯೯ರಲ್ಲಿ, ಶೇಖರಮ್ಮನವರ ಅಭಿನಂದನ ಸಮಿತಿಯವರಾದ ನಾವು ಸನ್ಮಾನಕ್ಕೆ ಆಹ್ವಾನ ನೀಡಲು ಮಸ್ಕಿಯ ಅವರ ಮನೆಗೆ ಹೋದದ್ದು ಮಧ್ಯಾಹ್ನ. ಸಮಿತಿಯ ಅಧ್ಯಕ್ಷರು ಅದೇ ಹಂಪಣ್ಣನವರು. ಹಳೆಯ ಮುನಿಸು ಎಂದೋ ಕರಗಿತ್ತು. ಗಿರಿಯಮ್ಮನವರು ಹೊರಬಂದು, ಬಲಗೈಯನ್ನು ಬಾಗಿಲಿಗೆ ಅಡ್ಡ ಹಿಡಿದರು.

“ಅಕ್ಕಾರು ಮಲಗ್ಯಾರ್ರಿ. ಸಂಜಿಗೆ ಬರ್ರಿ.”

ಹಂಪಣ್ಣನವರು ಆ ಕೈಯನ್ನೇ ನೋಡಿದರು. ಎದುರಿನ ಕಟ್ಟೆಗೆ ಹೋಗಿ ಕುಳಿತರು. ಪಕ್ಕದಲ್ಲಿ ನಾವೂ ಕುಳಿತೆವು. ಸಂಜೆ ಎದ್ದು ಬಂದ ಶೇಖರಮ್ಮನವರು ಸನ್ಮಾನದ ಮಾತನ್ನು ಪಕ್ಕಕ್ಕಿಟ್ಟು, ಗುರುಗುಂಟಾದಲ್ಲಿ ಹೊಸ ಕೇಂದ್ರ ತೆರೆಯಬೇಕೆಂದರು.

ಆ ಕೆಲಸ ಕೈಗೂಡಲಿ, ಅವರಿಗೆ ನೂರು ವರ್ಷ ತುಂಬಲಿ, ಪ್ರತಿ ಮಧ್ಯಾಹ್ನ ಅವರಿಗೆ ಸುಖನಿದ್ದೆ ಹತ್ತಲಿ. ಎಬ್ಬಿಸಲು ಬರುವವರು, ಎಷ್ಟೇ ದೊಡ್ಡವರಿರಲಿ, ಮೊದಲು ಗಿರಿಯಮ್ಮನವರ ಬಲಗೈಯನ್ನು ದಾಟಬೇಕು.