ವಸ್ತಾದರ ಲಟಕ್

ವಸ್ತಾದರ ಎರಡೂ ಕಿವಿಗಳು ಮುದುಡಿ, ಗಂಟುಗಂಟಾಗಿ, ಒಣಗಿದ ಹುಣಸೆಹಣ್ಣಿನಂತೆ ತಲೆಗೆ ಅಂಟಿಕೊಂಡಿದ್ದವು. ಹರೆಯದಲ್ಲಿ ಕುಸ್ತಿ ಹಿಡಿದು, ಅಖಾಡದ ಮಣ್ಣಿಗೆ ಉಜ್ಜಿ ಉಜ್ಜಿ ಹಾಗಾದ ಕಿವಿಗಳು. ಮೊದಲ ಸಲ ಅವರ ಮುಂದೆ ಕುಳಿತಾಗ ನನಗೆ ಬಂದ ಯೋಚನೆ ಒಂದೇ: ತಮ್ಮ ಕಿವಿಯನ್ನೇ ಉಳಿಸಿಕೊಳ್ಳದವರು ನನ್ನ ತಲೆಯನ್ನೇನು ಉಳಿಸಿಯಾರು!

ಅದು ಎಂಬತ್ತರ ದಶಕದ ಕೊನೆ. ಬ್ಯಾಡಗಿಯಿಂದ ದಿನಾಲು ಬಸ್ಸಿನಲ್ಲಿ ರಾಣೇಬೆನ್ನೂರಿಗೆ ಹೋಗಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಮಾಡುತ್ತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅಪ್ಪ ಇಲ್ಲದ ಮನೆ. ಅವ್ವ, ತಂಗಿಯರು ನನ್ನ ಸಂಬಳವನ್ನೇ ನಂಬಿದ್ದರು. ಅಂಥದ್ದರಲ್ಲಿ ಅರೆತಲೆ ನೋವು ಬೆನ್ನು ಹತ್ತಿತು. ಮೊದಲು ಎಡಗಣ್ಣಿನ ಮುಂದೆ ಮಿಣಮಿಣ ಬೆಳಕು, ಆಮೇಲೆ ಅರ್ಧ ತಲೆಯಲ್ಲಿ ಸುತ್ತಿಗೆ ಏಟು, ಕಡೆಗೆ ವಾಂತಿ. ಬೋರ್ಡಿನಲ್ಲಿ ಹತ್ತಿದ ದೀಪ ಯಾವುದು, ನನ್ನ ಕಣ್ಣಿನದೇ ಮಿಂಚು ಯಾವುದು ತಿಳಿಯುತ್ತಿರಲಿಲ್ಲ. ಮೇಲ್ವಿಚಾರಕಿ ಒಳ್ಳೆಯವರೇ. ಆದರೂ ಒಂದು ದಿನ ಕರೆದು, "ಹಿಂಗ ರಜಾ ಹಾಕಿದ್ರ ನಿನ್ನ ಕಾಯಂ ಮಾಡ್ರಿ ಅಂತ ನಾ ಹೆಂಗ ಹೇಳ್ಲೆವಾ?" ಎಂದರು.

ಡಾಕ್ಟರು ಮೈಗ್ರೇನ್ ಎಂದು ಗುಳಿಗೆ ಕೊಟ್ಟಿದ್ದರು. ನೋವು ತಗ್ಗುತ್ತಿತ್ತು, ಮತ್ತೆ ಬರುತ್ತಿತ್ತು. ಓಣಿಯ ಹೆಂಗಸರು ಮೆಣಸಿನಕಾಯಿ ಘಾಟು ತಲೆಗೇರಿದೆ ಎಂದರು. ಘಾಟಿಗೆ ತಲೆ ನೋಯುವುದಾದರೆ ಬ್ಯಾಡಗಿಯಲ್ಲಿ ತಲೆ ಎತ್ತಿಕೊಂಡು ಓಡಾಡುವವರು ಯಾರೂ ಇರುತ್ತಿರಲಿಲ್ಲ. ಮದುವೆ ಮಾಡಿದರೆ ತಾನೇ ಹೋಗುತ್ತದೆ ಎಂದವರೂ ಇದ್ದರು. ಅವರಿಗೆ ಎಲ್ಲದಕ್ಕೂ ಅದೊಂದೇ ಔಷಧಿ. ಕಡೆಗೆ ಅವ್ವ ನನ್ನನ್ನು ವಸ್ತಾದರ ಮನೆಗೆ ಎಳೆದುಕೊಂಡು ಹೋದಳು. ಒಂದು ಕಾಲಕ್ಕೆ ಗರಡಿಮನೆಯಲ್ಲಿ ಕುಸ್ತಿ ಕಲಿಸುತ್ತಿದ್ದವರು, ವಯಸ್ಸಾದ ಮೇಲೆ ಉಳುಕು ತೆಗೆಯುವುದು, ಕುತ್ತಿಗೆ ನೀವಿ ಸರಿಮಾಡುವುದು ಇಷ್ಟನ್ನೇ ಇಟ್ಟುಕೊಂಡಿದ್ದರು.

ಹೆಂಗಸರ ಕುತ್ತಿಗೆ ಮುಟ್ಟಬೇಕಾದರೆ ಅವರ ಹೆಂಡತಿ ಎದುರಿಗೆ ಕೂತಿರಲೇಬೇಕು. ಅದು ಅವರ ಕಟ್ಟಳೆ. ಎಲ್ಲರೂ ಅವ್ವಾರು ಎಂದು ಕರೆಯುತ್ತಿದ್ದ ಆಕೆ ಮೊರದಲ್ಲಿ ಮೆಣಸಿನಕಾಯಿ ಇಟ್ಟುಕೊಂಡು ತೊಟ್ಟು ಮುರಿಯುತ್ತ ಕೂರುತ್ತಿದ್ದರು. ನನ್ನ ಹೆಗಲ ಮೇಲೆ ತೊಳೆದ ಟವೆಲ್ ಹಾಸಿ ವಸ್ತಾದರು ಮೊದಲು ಕೇಳಿದ್ದು, "ಕೆಲಸಾ ಮಾಡೂವಾಗ ಹೆಂಗ ಕುಂದರ್ತಿ, ತೋರಸವಾ."

ತೋರಿಸಿದೆ. ಎಡಭುಜ ಕಿವಿಯ ತನಕ ಏರಿತ್ತು, ಉಸಿರು ಬಿಗಿಹಿಡಿದಿದ್ದೆ.

"ಎದುರಿಗೆ ಯಾರೂ ಇಲ್ಲ. ಯಾರ ಜೋಡಿ ಕುಸ್ತಿ ಹಿಡದೀದಿ?" ಎಂದು ನಕ್ಕರು. ಆಮೇಲೆ ಎರಡೂ ಅಂಗೈಯಲ್ಲಿ ನನ್ನ ತಲೆಯ ಹಿಂಭಾಗವನ್ನು ಹಿಡಿದುಕೊಂಡು, "ತಲಿ ಕೊಡವಾ" ಎಂದರು. ಕೊಟ್ಟೆ ಅಂದುಕೊಂಡೆ. "ಇನ್ನೂ ಕೊಟ್ಟಿಲ್ಲ. ನೀನ ಹೊತ್ತಕೊಂಡು ಕುಂತೀದಿ." ತಲೆಯ ಭಾರವನ್ನು ಇನ್ನೊಬ್ಬರ ಕೈಗೆ ಬಿಡುವುದು ಎಷ್ಟು ಕಷ್ಟ ಎಂದು ಆವತ್ತು ತಿಳಿಯಿತು. ಬಿಟ್ಟ ಮೇಲೆ ತಲೆಬುರುಡೆಯ ಬುಡದಲ್ಲಿ ಹೆಬ್ಬೆರಳಿಟ್ಟು ಬಹಳ ಹೊತ್ತು ನೀವಿದರು. ಕೊನೆಗೆ 'ಲಟಕ್' ಎಂದು ಸಪ್ಪಳವಾಯಿತು. "ಆತು, ಏಳು" ಎಂದರು. ಪಡಸಾಲೆಯಲ್ಲಿ ಕಾಯುತ್ತಿದ್ದವರೆಲ್ಲ ತಲೆ ಆಡಿಸಿದರು: ನರ ಕೂಡಿತು!

"ಪೂರಾ ಹೋಗತೈತಿ ಅಂತ ನಾ ಹೇಳಂಗಿಲ್ಲ. ಕಡಿಮಿ ಆದೀತು. ಡಾಕ್ಟರ್ ಕೊಟ್ಟ ಗುಳಿಗಿ ಬಿಡಬ್ಯಾಡ" ಎಂದು ಹೇಳಿ ಕಳಿಸಿದರು.

ವಾರಕ್ಕೊಮ್ಮೆ ಹೋಗತೊಡಗಿದೆ. ಒಮ್ಮೆ ಅಗಡಿಯಿಂದ ಒಬ್ಬ ಗಟ್ಟಿ ಆಳು ತಲೆ ಹಿಡಿದುಕೊಂಡು ಬಂದ. ಮುಂಜಾನೆ ಒಮ್ಮೆಲೇ ಸಿಡಿಲು ಬಡಿದ ಹಾಗೆ ನೋವು ಬಂತು, ಮಾತು ತೊದಲುತ್ತಿದೆ ಎಂದರು ಜೊತೆಗೆ ಬಂದವರು. ವಸ್ತಾದರು ಬೆರಳು ಕೂಡ ಸೋಕಿಸಲಿಲ್ಲ. "ಇದು ನನ್ನ ಕೈಯಾಗಿಂದಲ್ಲ. ಲಗೂ ಹುಬ್ಬಳ್ಳಿಗೆ ಒಯ್ರಿ" ಎಂದರು. ಆತನ ಜೊತೆಯವರಿಗೆ ಸಿಟ್ಟು ಬಂತು. ಅಷ್ಟು ದೂರದಿಂದ ಬಂದವರು, ಒಮ್ಮೆ ಲಟಕ್ ಅನಿಸಿದರೆ ಕೈ ಸವೆಯುತ್ತದೆಯೇ? ವಸ್ತಾದರೇ ಬೀದಿಗಿಳಿದು ಜೀಪು ನಿಲ್ಲಿಸಿ ಹತ್ತಿಸಿದರು. ಆತ ಬದುಕಿದ.

ಆ ಲಟಕ್ಕಿನ ಗುಟ್ಟು ಹಿಡಿದದ್ದು ನನ್ನ ಕಿವಿ. ದಿನವಿಡೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಹಾವೇರಿ ಲೈನಿನ ಗೊರಗೊರ ಬೇರೆ, ಹುಬ್ಬಳ್ಳಿ ಲೈನಿನದು ಬೇರೆ ಎಂದು ಗುರುತಿಸುವ ಕಿವಿ ಅದು. ಸಪ್ಪಳ ನನ್ನ ಕುತ್ತಿಗೆಯ ಒಳಗಿನಿಂದ ಬರುತ್ತಿರಲಿಲ್ಲ. ಬಲಗಿವಿಯ ಹೊರಗೆ, ತುಸು ಕೆಳಗಿನಿಂದ ಬರುತ್ತಿತ್ತು.

ಪಡಸಾಲೆ ಖಾಲಿಯಾಗುವ ತನಕ ಕಾದು ಕೇಳಿದೆ, "ವಸ್ತಾದರ, ಅದು ನಿಮ್ಮ ಬೆರಳಿನ ಸಪ್ಪಳ ಹೌದಲ್ರಿ?"

ಅವ್ವಾರು ಮೊರದ ಮೇಲೆ ಬಗ್ಗಿ ನಗು ಮುಚ್ಚಿಕೊಂಡರು. ವಸ್ತಾದರು ಹೊಟ್ಟೆ ಕುಣಿಸಿ ನಕ್ಕರು. ಆಮೇಲೆ ದನಿ ಇಳಿಯಿತು. "ಹರೇದಾಗ ಒಬ್ಬ ಗೆಳ್ಯಾಗ ಖರೇನ ಕೊಳ್ಳು ತಿರುವಿದ್ದೆ. ಭಾಳ ಜೋರ್ ಸಪ್ಪಳಾತು. ಅಂವ ಮುಂದ ಒಂದು ಕೈ ಎತ್ತಲೇ ಇಲ್ಲ. ಅವತ್ತಿನಿಂದ ಯಾರ ಕೊಳ್ಳೂ ತಿರುವಿಲ್ಲ, ನೀವತೇನಿ ಅಷ್ಟ. ಆದ್ರ ಲಟಕ್ ಅನಲಿಲ್ಲ ಅಂದ್ರ ಮಂದಿ ನಂಬಂಗಿಲ್ಲ, ಮತ್ತೊಬ್ಬನ ಕಡೆ ಹೋಗತಾರ. ಅಂವ ತಿರುವಿಬಿಟ್ಟರ? ಅದಕ್ಕ ನನ್ನ ಬಟ್ಟನ್ನ ನಾ ಮುರಕೊಂತೇನಿ."

ಇಷ್ಟು ಒಳ್ಳೆಯ ಸುಳ್ಳನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಜನ ಬಯಸಿದ ಸಪ್ಪಳವನ್ನು ತಮ್ಮ ಬೆರಳಿನಿಂದ ಕೊಟ್ಟು, ಅವರ ಕುತ್ತಿಗೆಗಳನ್ನು ಕಾಯುತ್ತಿದ್ದರು. ನಾನು ಯಾರಿಗೂ ಹೇಳಲಿಲ್ಲ.

ನೋವು ಪೂರ್ತಿ ಹೋಗಲಿಲ್ಲ. ಆದರೆ ಬರುವುದು ವಿರಳವಾಯಿತು. ಬೋರ್ಡಿನ ಮುಂದೆ ಭುಜ ಏರಿದಾಗೆಲ್ಲ 'ಯಾರ ಜೋಡಿ ಕುಸ್ತಿ?' ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಗುಳಿಗೆಯ ಪಾಲೆಷ್ಟು, ಅವರ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ಮರುವರ್ಷ ಕೆಲಸ ಕಾಯಂ ಆಯಿತು. ಪೇಡೆ ಒಯ್ದು ಕೊಟ್ಟರೆ, ಒಂದನ್ನು ಬಾಯಿಗೆ ಹಾಕಿಕೊಂಡು, "ಇನ್ನ ತಂಗ್ಯಾರ ಭಾರಾನೂ ಕೊಳ್ಳಿನ ಮ್ಯಾಲ ಹೊರಬ್ಯಾಡ, ಕೈಯಾಗ ಹಿಡಕೋ" ಎಂದರು.

ತೊಂಬತ್ತರ ದಶಕದ ನಡುವೆ, ಒಂದು ಮಧ್ಯಾಹ್ನ ಅವರು ಊಟ ಮಾಡಿ ಮಲಗಿದವರು ಏಳಲಿಲ್ಲ. ನಾನು ಹೋದಾಗ ಅಂಗಳದ ತುಂಬ ಜನ. ಎಲ್ಲರ ಕುತ್ತಿಗೆಯೂ ಎಂದೋ ಒಮ್ಮೆ ಅವರ ಕೈಯಲ್ಲಿದ್ದದ್ದೇ. ಅವ್ವಾರು ವಸ್ತಾದರ ತಲೆಯ ಬಳಿ ಗೋಡೆಯಂತೆ ಬಿಗಿದು ಕೂತಿದ್ದರು. ಅತ್ತಿರಲಿಲ್ಲ. ನಾನು ಅವ್ವಾರ ಹಿಂದೆ ಕೂತು, ಅವರ ಹೆಗಲಿಗೆ ಸೆರಗು ಸರಿಮಾಡಿ, ಎರಡೂ ಅಂಗೈಯಲ್ಲಿ ಅವರ ತಲೆ ಹಿಡಿದೆ. "ತಲಿ ಕೊಡ್ರಿ ಅವ್ವಾರ."

ಬಹಳ ಹೊತ್ತಿಗೆ ಆ ಭಾರ ನನ್ನ ಕೈಗೆ ಇಳಿಯಿತು. ಆಗ ಅವರು ನನಗಷ್ಟೇ ಕೇಳುವಂತೆ ಹೇಳಿದರು: "ಸಪ್ಪಳಾ ಮಾಡವಾ. ನನ್ನ ಕೊಳ್ಳು ನೀವೂವಾಗ ಒಮ್ಮೀನೂ ಮಾಡಲಿಲ್ಲ ಅವರು. 'ನೀ ಎದುರಿಗೆ ಕುಂತು ನೋಡಾಕಿ, ನಿನಗ್ಯಾಕ ಅದು' ಅಂತಿದ್ರು."

ಅವರ ಬಲಗಿವಿಯ ಹತ್ತಿರ ಕೈ ಒಯ್ದು ನನ್ನ ಬೆರಳಿನ ನೆಟಿಗೆ ಮುರಿದೆ. ಲಟಕ್ ಎಂದಿತು. ಅವ್ವಾರು ಗಟ್ಟಿಯಾಗಿ ಅತ್ತರು.