ತೂಬಿನ ಬಾಯಿಗೆ ಬಾಗಿನ

ಹೊಸಪೇಟೆಯ ನನ್ನ ಅಡುಗೆಮನೆಯಲ್ಲಿ ಮೊರಕ್ಕೆ ಈಗ ಕೆಲಸವಿಲ್ಲ. ಅಕ್ಕಿ ಹಸನಾಗಿಯೇ ಚೀಲದಲ್ಲಿ ಬರುತ್ತದೆ, ಬೇಳೆಯಲ್ಲಿ ಹುಡುಕಿದರೂ ಕಲ್ಲು ಸಿಗುವುದಿಲ್ಲ. ಪಾಪ, ಮೊರ ಗೋಡೆಯ ಮೊಳೆಗೆ ಜೋತುಬಿದ್ದು ನಿವೃತ್ತ ಮಾಸ್ತರರ ಹಾಗೆ ನನ್ನ ಒಲೆಯನ್ನೇ ನೋಡುತ್ತಿರುತ್ತದೆ. ಆದರೂ ಈ ಹಗುರ ಬಿದಿರಿನ ಸಾಮಾನನ್ನು ಕಡೆಗಣಿಸಬೇಡಿ. ಒಂದು ಊರು ಬೆವರು ಸುರಿಸಿ ಉಳಿಸಿಕೊಂಡ ಕೆರೆಯ ಬಾಯನ್ನು ಅದು ಒಂದೇ ಮಧ್ಯಾಹ್ನದಲ್ಲಿ ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ತವರು ದರೋಜಿಯ ಕಡೆ. ಸಂಡೂರಿನ ಗುಡ್ಡಗಳ ಮೇಲೆ ಬಿದ್ದ ಮಳೆ ಹಳ್ಳವಾಗಿ ಹರಿದು ನಮ್ಮೂರ ಕೆರೆಗೆ ಬರಬೇಕು. ಬರುತ್ತಿದ್ದದ್ದು ನೀರಿಗಿಂತ ಹೆಚ್ಚಾಗಿ ಕೆಂಪು ಕೆಸರು. ಹಳ್ಳದ ತುಂಬ ಬಳ್ಳಾರಿ ಜಾಲಿ, ನಮ್ಮ ಸೀಮೆಯ ಹೆಸರನ್ನು ಹೊತ್ತು ನಮ್ಮನ್ನೇ ಚುಚ್ಚುವ ಆ ಗಿಡ, ದಾರಿಗೆ ಅಡ್ಡ ನಿಂತಿತ್ತು. ಕೆರೆ ಬರಬರುತ್ತ ತಟ್ಟೆಯಷ್ಟು ಆಳವಾಗಿತ್ತು. ಇದರ ಸಂಕಟ ಎಲ್ಲರಿಗಿಂತ ಹೆಚ್ಚು ತಟ್ಟಿದ್ದು ನನ್ನ ಸೋದರತ್ತೆ ಹುಲಿಗೆಮ್ಮನಿಗೆ. ಅವಳದು ಕಾಲುವೆಯ ಕಟ್ಟಕಡೆಯ ಹೊಲ, ನಮ್ಮವರ ಮಾತಿನಲ್ಲಿ ಟೇಲೆಂಡ್. ಮಾವ ತೀರಿಕೊಂಡ ಮೇಲೆ ಆ ಹೊಲವೇ ಅವಳ ಅನ್ನ.

ಜಲಾನಯನ ಎಂಬ ಘನವಾದ ಪದವನ್ನು ನಾನು ಒಮ್ಮೆ ಅತ್ತೆಗೆ ವಿವರಿಸಲು ಹೋಗಿದ್ದೆ. "ಗುಡ್ಡದಾಗ ಬಿದ್ದ ಹನಿ ನಮ್ಮನಿಗೆ ಬರೋ ದಾರಿ ಅನ್ನು, ಸಾಕು," ಎಂದಳು. ಆ ದಾರಿಯನ್ನು ಬಿಡಿಸಬೇಕೆಂದು ಮನೆಮನೆ ತಿರುಗಿದಳು. "ಅಮಾಸಿಗೆ ಎತ್ತು ಹೂಡಂಗಿಲ್ಲ, ಹೌದಲ್ಲ? ಮನ್ಯಾಗ ಕುಂತು ಏನ್ ಮಾಡ್ತೀರಿ, ಹಳ್ಳಕ್ಕ ಬರ್ರಿ!" ಹೀಗೆ ಪ್ರತಿ ಅಮಾವಾಸ್ಯೆಗೆ ಮನೆಗೊಂದು ಆಳಿನಂತೆ ಜನ ಬರತೊಡಗಿದರು. ಜಾಲಿ ಕಡಿದರು, ಕೆಸರು ಗುಡ್ಡದ ಬುಡದಲ್ಲೇ ತಂಗಲೆಂದು ಹಳ್ಳಕ್ಕೆ ಅಡ್ಡಡ್ಡ ಕಲ್ಲು ಜೋಡಿಸಿದರು, ಕೆರೆಯ ಹೂಳನ್ನು ತಮ್ಮತಮ್ಮ ಹೊಲಗಳಿಗೆ ಹೊತ್ತರು. ಹೋದ ವರ್ಷದ ಮಳೆಗೆ ಕೆರೆ ಕೋಡಿ ಬಿತ್ತು. ಊರಿಗೆ ಊರೇ ಏರಿಯ ಮೇಲೆ ನಿಂತು ನೋಡಿತು; ನನಗಂತೂ ಅಳು ಬಂತು.

ಕೆರೆ ತುಂಬಿದರೆ ಬಾಗಿನ ಕೊಡಬೇಕಲ್ಲ! ಎರಡು ಮೊರಗಳ ನಡುವೆ ಬಳೆ, ಅರಿಶಿನ, ಕುಂಕುಮ, ರವಿಕೆ ಖಣ, ತೆಂಗಿನಕಾಯಿ. ಅಂಗಡಿಯವರು ಅದನ್ನೆಲ್ಲ ಮಿಂಚುವ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಯೇ ಮಾರುತ್ತಾರೆ. ನಮ್ಮೂರಲ್ಲಿ ಗಂಗಮ್ಮನ ಕಲ್ಲು ಇರುವುದು ಕಾಲುವೆಗೆ ನೀರು ಬಿಡುವ ತೂಬಿನ ಹತ್ತಿರ, ಹಾಗಾಗಿ ಮುತ್ತೈದೆಯರೆಲ್ಲ ಅಲ್ಲಿಯೇ ನೀರಿಗೆ ಬಿಟ್ಟೆವು. ವಿಧವೆಯಾದ ಅತ್ತೆ ಪದ್ಧತಿಯಂತೆ ದೂರ ನಿಂತಿದ್ದಳು. ನೆನೆದ ಮೊರಗಳು ಮುಳುಗಿ, ಖಣ, ಹಾಳೆಗಳ ಸಮೇತ ತೂಬಿನ ಬಾಯಿಗೆ ಹೋಗಿ ಕೂತವು. ಕೆರೆ ತುಂಬಿ ತುಳುಕುತ್ತಿದ್ದರೂ ಕಾಲುವೆಯಲ್ಲಿ ನೀರು ಬೆರಳು ತೋಯುವಷ್ಟು. ಮೊದಲ ಹೊಲಗಳು ಅದನ್ನು ಹೇಗೋ ಕುಡಿದುಕೊಂಡವು. ಅತ್ತೆಯ ಸಸಿಮಡಿ ಹಳದಿಗೆ ತಿರುಗಿತು.

"ಗಂಗವ್ವಗ ಉಡಿ ತುಂಬ್ತೀವಂತ ಹೋಗಿ ಬಾಯಿ ಕಟ್ಟಿಬಂದ್ರೇನವಾ!" ಎಂದು ಅತ್ತೆ ಸಿಟ್ಟಿಗಿಂತ ನಗುವಿನಲ್ಲೇ ಕೇಳಿದಳು. ಈಜು ಬಲ್ಲ ಹುಡುಗರು ಇಳಿದು, ನಮ್ಮ ಭಕ್ತಿಯನ್ನೆಲ್ಲ ಬುಟ್ಟಿಗಟ್ಟಲೆ ಹೊರತೆಗೆದರು. ಸಸಿ ಅರ್ಧ ಉಳಿಯಿತು, ಅರ್ಧ ಹೋಯಿತು.

ಏರಿಯ ಮೇಲೆ ಊರು ಸೇರಿದಾಗ ಹುಡುಗರು, "ಇನ್ನ ಬಾಗಿನನೇ ಬ್ಯಾಡ್ರಿ," ಎಂದರು. ಹೆಂಗಸರ ಮುಖ ಸಪ್ಪಗಾಯಿತು. ತುಂಬಿದ ಕೆರೆಯ ಮುಂದೆ ಬರಿಗೈಯಲ್ಲಿ ನಿಲ್ಲುವುದು ಹೇಗೆ? ಕೃತಜ್ಞತೆಗೂ ಒಂದು ಪಾತ್ರೆ ಬೇಕು, ಇಲ್ಲದಿದ್ದರೆ ಅದು ಎದೆಯಲ್ಲೇ ಉಳಿದು ಹುಳಿಯುತ್ತದೆ. ಆಗ ಬಾಯಿಬಿಟ್ಟವಳು ಪಾರ್ವತಮ್ಮ, ತೂಬಿನ ಮಗ್ಗುಲಲ್ಲೇ ಹೊಲವಿದ್ದು ಎಲ್ಲರಿಗಿಂತ ಮೊದಲು ನೀರು ಕಾಣುವ ಹೆಂಗಸು. "ಬಾಗಿನ ಕೊಡೂಣು. ನೀರಿಗೆ ಬ್ಯಾಡ. ನೀರು ಕಡೀಗೆ ಯಾರ ಹೊಲ ಮುಟ್ಟತೈತಿ, ಅವ್ರಿಗೆ ಕೊಡೂಣು." ಎಲ್ಲರೂ ಹೂಂ ಎಂದರು. ಅದರ ಅರ್ಥ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನಮಗೆ ಆಗ ಪೂರ್ತಿ ಹೊಳೆದಿರಲಿಲ್ಲ ಎಂದು ತೋರುತ್ತದೆ.

ಈ ವರ್ಷವೂ ಕೆರೆ ತುಂಬಿತು. ಮೊರ ಹಿಡಿದು ಕಾಲುವೆಯ ದಂಡೆಗುಂಟ ನಡೆದೆವು. ಅತ್ತೆ ಹಸಿರು ಸಸಿಮಡಿಯಲ್ಲಿ ಬಗ್ಗಿ ಕಳೆ ಕೀಳುತ್ತಿದ್ದಳು. ಪಾರ್ವತಮ್ಮನ ಕೈಯಲ್ಲಿದ್ದ ಮೊರ ನೋಡಿದವಳೇ ಹಿಂದೆ ಸರಿದಳು.

"ನನಗ್ಯಾಕ ತಂದೀರಿ? ನನಗ ಅದು ಸಲ್ಲಂಗಿಲ್ಲವಾ."

"ನಿನ್ನ ಹೊಲಕ್ಕ ನೀರು ಬಂತಿಲ್ಲೋ?"

"ಬಂತು."

"ಮತ್ತ? ತಗಾ, ಉಡಿ ಒಡ್ಡು."

ಅತ್ತೆ ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿದಳು. ಕಾಲುವೆಗಿಳಿದು ಕೆಸರಿನ ಕೈ ತೊಳೆದುಕೊಂಡಳು, ಸೆರಗು ಒಡ್ಡಿದಳು. ಮಾವ ಹೋದ ಮೇಲೆ ಅವಳು ಹಾಗೆ ಸೆರಗು ಒಡ್ಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.