ಟೇಪು ಸಿಕ್ಕಿದ್ದು ಮಂಗಳಸೂತ್ರಕ್ಕೆ ಮಾತ್ರ

ಎದುರು ತಂಡದ ನಾಯಕಿಯ ಮಂಗಳಸೂತ್ರ ಮುಚ್ಚಲು ಅಂಪೈರ್ ಬಿಳಿ ಟೇಪಿನ ನಾಲ್ಕು ತುಂಡು ಹರಿದುಕೊಟ್ಟರು. ಆಮೇಲೆ ನನ್ನ ಸೊಂಟದತ್ತ ಬೆರಳು ತೋರಿಸಿ, "ಮೊಬೈಲ್ ತಗದಿಡ್ರಿ" ಎಂದರು. ಖಾನಾಪುರದಲ್ಲಿ ನಮ್ಮ ಕಬಡ್ಡಿ ಪಂದ್ಯ ಶುರುವಾಗಲು ಐದು ನಿಮಿಷವಿತ್ತು.

ಅದು ಮೊಬೈಲ್ ಅಲ್ಲ, ಇನ್ಸುಲಿನ್ ಪಂಪ್ ಎಂದೆ. ಆಟದ ಹೊತ್ತಿಗೆ ಅದನ್ನು ಕಳಚಿಡುತ್ತೇನೆ, ಹೊಟ್ಟೆಗೆ ಅಂಟಿಸಿದ ನಾಣ್ಯದಗಲದ ಪಟ್ಟಿಯಷ್ಟೇ ಉಳಿಯುತ್ತದೆ, ಅದರ ಮೇಲೂ ಟೇಪು ಅಂಟಿಸಿಕೊಳ್ಳುತ್ತೇನೆ ಎಂದು ವಿವರಿಸಿದೆ. ವೈದ್ಯರ ಪತ್ರ ಕೊಟ್ಟೆ. ಅವರು ಅದನ್ನು ಓದದೆ ಮಡಚಿ ಗಾಳಿ ಬೀಸಿಕೊಂಡರು.

"ಈ ವಯಸ್ಸಿಗೇ ಸಕ್ಕರಿ ಕಾಯಿಲೆ ಏನ್ ತಂಗಿ? ಬೆಳಗಾವಿ ಕುಂದಾ ಭಾಳ ತಿಂದೀ ಅನಸ್ತದ! ಹೋಗು, ಬಾಜೂಕ ಕುಂದರು. ಬಿದ್ದೀ ಗಿದ್ದೀ ಅಂದ್ರ ಯಾರು ಜವಾಬ್ದಾರಿ?"

ನಮ್ಮ ನಾಯಕಿ ರೇಷ್ಮಾ ಸುಮ್ಮನಿರಲಿಲ್ಲ. "ಸರ್, ಹಿಡಿಯುವಾಗ ತಾಳಿ ಚುಚ್ಚಂಗಿಲ್ಲೇನ್ರೀ?"

"ಮುತ್ತೈದಿ ಕೊರಳಿನ ಮಾತು ಬ್ಯಾಡವಾ" ಎಂದು ಅವರು ಸೀಟಿ ಊದಿದರು.

ನಮ್ಮಲ್ಲಿ ಬದಲಿ ಆಟಗಾರ್ತಿ ಇರಲಿಲ್ಲ. ಆರೇ ಮಂದಿ ಆಡಿದರು, ಸೋತರು. ಗೆರೆಯಾಚೆ ಕುಳಿತ ನನಗೆ ಅಂಪೈರ್ ಕಡೆಯಿಂದ ಎಳನೀರು ಬಂತು, ಅದನ್ನು ಮುಟ್ಟಲಿಲ್ಲ.

ಆರು ವರ್ಷದಿಂದ ದಿನವೂ ನಾನೇ ನೋಡಿಕೊಳ್ಳುತ್ತಿದ್ದ ದೇಹದ ಬಗ್ಗೆ ಆ ಮನುಷ್ಯನಿಗೆ ಅರ್ಧ ನಿಮಿಷದಲ್ಲಿ ಎಷ್ಟೊಂದು ಕಾಳಜಿ ಹುಟ್ಟಿತ್ತು! ಮರುದಿನ ಬೆಳಿಗ್ಗೆ ಬೆಳಗಾವಿಯ ಟಿಳಕವಾಡಿ ಅಂಚೆ ಕಚೇರಿಗೆ ಹೋಗಿ ಆಯೋಜಕರಿಗೊಂದು ಪತ್ರ ಕಳಿಸಿದೆ. ನನ್ನನ್ನು ಹೊರಗೆ ಕೂರಿಸಿದ ನಿಯಮದ ಸಂಖ್ಯೆ ಎಷ್ಟು ಎಂದಷ್ಟೇ ಅದರಲ್ಲಿ ಕೇಳಿದ್ದೆ.